ಕಾರ್ಡು ಉಜ್ಜಿದಾಗ ಕಡಿತವಾಗುವ ಹಣ: ಲೆಕ್ಕ ಕೇಳುವುದು ನಿಮ್ಮ ಹಕ್ಕು

ಟೊಮೆಟೊ, ಹುರುಳಿಕಾಯಿ, ಸೊಪ್ಪು ತುಂಬಿಕೊಂಡು ಬೆಂಗಳೂರಿನ ಮಾರುಕಟ್ಟೆಗೆ ಬರುವ ರೈತ ಬಾಂಧವರಿಗೆ ‘ಬಿಳಿ ಚೀಟಿ’ ಎಂದರೆ ಏನೆಂದು ವಿವರಿಸಬೇಕಾಗಿಲ್ಲ. ಮಾಲು ಮಾರಿದ ಮೇಲೆ ಮಂಡಿಯಲ್ಲಿ ಒಂದು ತುಂಡು ಕಾಗದ ಕೈಗೆ ಬರುತ್ತದೆ. ಅದರಲ್ಲಿ ಕೊನೆಯ ಮೊತ್ತ ಮಾತ್ರ ಇರುತ್ತದೆ. ತೂಕ ಎಷ್ಟು, ದರ ಎಷ್ಟು, ದಲ್ಲಾಳಿಗೆ ಹೋದದ್ದೆಷ್ಟು, ಹಮಾಲಿ ಎಷ್ಟು ಎಂಬುದು ಕಾಣುವುದಿಲ್ಲ. ರಾಜ್ಯದ ಎಪಿಎಂಸಿ ನಿಯಮದ ಪ್ರಕಾರ ದಲ್ಲಾಳಿಯ ಹಣ ಕೊಳ್ಳುವವನಿಂದ ಬರಬೇಕೇ ಹೊರತು ರೈತನ ಬಿಲ್ಲಿನಿಂದ ಅಲ್ಲ. ಆದರೆ ನಿಯಮ ಪುಸ್ತಕದಲ್ಲಿದ್ದು ಲೆಕ್ಕ ಚೀಟಿಯಲ್ಲಿ ಇಲ್ಲದಿದ್ದರೆ, ಕಡಿತವಾದದ್ದು ಎಷ್ಟೆಂದು ತಿಳಿಯುವ ಬಗೆಯಾದರೂ ಹೇಗೆ?

ಇಂಥದೇ ಬಿಳಿ ಚೀಟಿ ಈಗ ಅಂಗಡಿಯ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿಯೂ ಇದೆ. ಅದು ಕಾರ್ಡು ಉಜ್ಜುವ ಯಂತ್ರದ ಲೆಕ್ಕ. ಗಿರಾಕಿ ಐನೂರು ರೂಪಾಯಿಗೆ ಕಾರ್ಡು ಕೊಟ್ಟರೆ ಅಂಗಡಿಯವನ ಬ್ಯಾಂಕ್ ಖಾತೆಗೆ ಐನೂರು ಬರುವುದಿಲ್ಲ, ಕೊಂಚ ಕಡಿಮೆ ಬರುತ್ತದೆ. ಎಷ್ಟು ಕಡಿಮೆ, ಯಾಕೆ ಕಡಿಮೆ ಎಂದು ಕೇಳಿದರೆ ಹೆಚ್ಚಿನ ಅಂಗಡಿಕಾರರು ‘ಬ್ಯಾಂಕಿನವರು ಹಿಡಿದುಕೊಳ್ಳುತ್ತಾರೆ’ ಎಂದಷ್ಟೇ ಹೇಳಬಲ್ಲರು.

ಇದು ಪೇಟೆಯ ವ್ಯಾಪಾರಿಗಳ ಗೋಳು, ನಮಗೇನು ಎಂದು ನೀವು ಕೇಳಬಹುದು. ಆದರೆ ಇಂದು ರೈತ ಬರೀ ಬೆಳೆಗಾರನಾಗಿ ಉಳಿದಿಲ್ಲ. ಹೊಸಕೋಟೆ, ಮಾಲೂರು, ಕೋಲಾರದ ಕಡೆಯಿಂದ ಕೆ.ಆರ್. ಪುರದ ಮೂಲಕ ನಗರದ ಪೂರ್ವ ಭಾಗಕ್ಕೆ ಮಾಲು ತರುವವರಲ್ಲಿ ಕೆಲವರು ಮಂಡಿಯನ್ನು ಬಿಟ್ಟು ನೇರವಾಗಿ ಗಿರಾಕಿಗೆ ಮಾರುವ ದಾರಿ ಹಿಡಿದಿದ್ದಾರೆ. ರೈತ ಉತ್ಪಾದಕ ಸಂಸ್ಥೆಗಳು ಮಳಿಗೆ ತೆರೆಯುತ್ತಿವೆ. ಸರ್ವಜ್ಞ ಕವಿಯ ಹೆಸರು ಹೊತ್ತ ಸರ್ವಜ್ಞನಗರ ಕ್ಷೇತ್ರದ ಬಾಣಸವಾಡಿ, ಕಮ್ಮನಹಳ್ಳಿ, ಲಿಂಗರಾಜಪುರ, ನಾಗವಾರದಂಥ ಬಡಾವಣೆಗಳಲ್ಲಿ ಮಳಿಗೆ ಹಾಕಿದ ಮೇಲೆ ಯಂತ್ರವೂ ಬೇಕು, ಕ್ಯೂಆರ್ ಫಲಕವೂ ಬೇಕು. ಅಲ್ಲಿನ ಗಿರಾಕಿ ಜೇಬಿನಲ್ಲಿ ನೋಟು ಇಟ್ಟುಕೊಂಡು ಬರುವ ಕಾಲ ಹೋಯಿತು. ಇನ್ನೊಂದು ಕಡೆ, ಪಂಪ್‌ಸೆಟ್, ಔಷಧಿ ಸಿಂಪಡಿಸುವ ಯಂತ್ರ, ಹನಿ ನೀರಾವರಿಯ ಪೈಪು ಕೊಳ್ಳಲು ಪೇಟೆಗೆ ಹೋದಾಗ ‘ಕಾರ್ಡಾದರೆ ನೂರಕ್ಕೆ ಎರಡು ರೂಪಾಯಿ ಜಾಸ್ತಿ’ ಎಂಬ ಮಾತನ್ನು ಕೇಳುವವರೂ ನೀವೇ. ಮಾರುವವರಾಗಿಯೂ ಕೊಳ್ಳುವವರಾಗಿಯೂ ಈ ಲೆಕ್ಕ ನಿಮಗೆ ತಿಳಿದಿರಬೇಕು.

ಹಣ ಯಾರ ಕೈ ಸೇರುತ್ತದೆ?

ಕಾರ್ಡಿನ ವ್ಯವಹಾರದಲ್ಲಿ ಅಂಗಡಿಯವನಿಂದ ಕಡಿತವಾಗುವ ಹಣಕ್ಕೆ ‘ಎಂಡಿಆರ್’ ಎಂದು ಹೆಸರು. ವರ್ತಕರ ಶುಲ್ಕ ಎಂದು ತಿಳಿದರೆ ಸಾಕು. ಇದು ಒಬ್ಬರ ಪಾಲಲ್ಲ, ಮೂವರ ಪಾಲು. ಗಿರಾಕಿಗೆ ಕಾರ್ಡು ಕೊಟ್ಟ ಬ್ಯಾಂಕು ಒಂದು ಭಾಗ ಪಡೆಯುತ್ತದೆ. ಸಾಮಾನ್ಯವಾಗಿ ದೊಡ್ಡ ಪಾಲು ಇದೇ. ಅಂಗಡಿಯವನಿಗೆ ಯಂತ್ರ ಕೊಟ್ಟ ಬ್ಯಾಂಕು ಅಥವಾ ಕಂಪೆನಿ ಇನ್ನೊಂದು ಭಾಗ ಪಡೆಯುತ್ತದೆ. ಈ ಎರಡು ಬ್ಯಾಂಕುಗಳ ನಡುವೆ ಲೆಕ್ಕ ಸಾಗಿಸುವ ಜಾಲಕ್ಕೆ ಮೂರನೆಯ ಪಾಲು. ವೀಸಾ, ಮಾಸ್ಟರ್‌ಕಾರ್ಡ್ ಮತ್ತು ನಮ್ಮ ದೇಶದ ರುಪೇ ಇಂಥ ಜಾಲಗಳು. ರುಪೇ ಜಾಲವನ್ನು 2012ರಲ್ಲಿ ಆರಂಭಿಸಿದ್ದು ಭಾರತೀಯ ರಾಷ್ಟ್ರೀಯ ಪಾವತಿ ನಿಗಮ.

ಈ ಶುಲ್ಕವೇ ಅನ್ಯಾಯ ಎಂದು ಹೇಳಲಾಗದು. ಯಂತ್ರ ಬೇಕು, ಜಾಲ ಬೇಕು, ಮೋಸವಾಗದಂತೆ ಕಾಯುವ ಏರ್ಪಾಡು ಬೇಕು. ಗಾಡಿಗೆ ಬಾಡಿಗೆ ಕೊಟ್ಟ ಹಾಗೆ ಇದಕ್ಕೂ ಖರ್ಚಿದೆ. ಪ್ರಶ್ನೆ ಇರುವುದು ಬೇರೆ ಕಡೆ. ಬಾಡಿಗೆ ಎಷ್ಟೆಂದು ಮೊದಲೇ ಹೇಳಿದ್ದಾರೆಯೇ? ಹೇಳಿದಷ್ಟೇ ಹಿಡಿದಿದ್ದಾರೆಯೇ? ಕಾಯಿದೆ ‘ಹಿಡಿಯಬಾರದು’ ಎಂದ ಕಡೆ ಹಿಡಿದಿದ್ದಾರೆಯೇ?

ದರಗಳು ನಡೆದು ಬಂದ ದಾರಿ

ರಿಸರ್ವ್ ಬ್ಯಾಂಕು 2012ರಲ್ಲಿ ಡೆಬಿಟ್ ಕಾರ್ಡಿಗೆ ಮೊದಲ ಬಾರಿ ಮಿತಿ ಹಾಕಿತು. ಎರಡು ಸಾವಿರ ರೂಪಾಯಿವರೆಗಿನ ವ್ಯವಹಾರಕ್ಕೆ ಶೇ. 0.75, ಅದಕ್ಕೆ ಮೇಲ್ಪಟ್ಟರೆ ಶೇ. 1. ಅದಕ್ಕಿಂತ ಹೆಚ್ಚು ಹಿಡಿಯುವಂತಿಲ್ಲ ಎಂದಾಯಿತು. ಆದರೆ ಡೆಬಿಟ್ ಕಾರ್ಡು, ಕ್ರೆಡಿಟ್ ಕಾರ್ಡು ಎರಡನ್ನೂ ಸೇರಿಸಿ ಒಂದೇ ಒಟ್ಟು ದರ ಹಾಕಿದರೆ ಈ ಮಿತಿಯ ಲಾಭ ಅಂಗಡಿಯವನಿಗೆ ತಲುಪುವುದಿಲ್ಲ. ಡೆಬಿಟ್ ಕಾರ್ಡಿಗೆ ದರ ಇಳಿದರೂ ಒಟ್ಟು ದರ ಇಳಿಯುವುದಿಲ್ಲ. ಇದನ್ನು ಕಂಡ ರಿಸರ್ವ್ ಬ್ಯಾಂಕು 2016ರ ಸೆಪ್ಟೆಂಬರ್‌ನಲ್ಲಿ, ಎರಡು ಬಗೆಯ ಕಾರ್ಡುಗಳ ದರವನ್ನು ಬಿಡಿಸಿ ಬೇರೆ ಬೇರೆಯಾಗಿ ಇಡಬೇಕೆಂದು ಬ್ಯಾಂಕುಗಳಿಗೆ ಸೂಚಿಸಿತು. ಈ ಒಂದು ಸೂಚನೆಯನ್ನು ಮಳಿಗೆ ನಡೆಸುವ ಪ್ರತಿಯೊಬ್ಬರೂ ನೆನಪಿನಲ್ಲಿಡಬೇಕು.

ಅದೇ ವರ್ಷದ ನವೆಂಬರ್‌ನಲ್ಲಿ ನೋಟು ರದ್ದಾಯಿತು. ನೋಟಿನ ಅಭಾವದಲ್ಲಿ ಎಲ್ಲರೂ ಕಾರ್ಡಿನ ಕಡೆ ತಿರುಗಿದರು. 2017ರ ಜನವರಿಯಲ್ಲಿ ದೇಶದ ಪೆಟ್ರೋಲ್ ಬಂಕ್ ಮಾಲೀಕರಿಗೆ, ಕಾರ್ಡಿನ ವ್ಯವಹಾರಕ್ಕೆ ಶೇ. 1ರವರೆಗೆ ಶುಲ್ಕ ಹಿಡಿಯುವುದಾಗಿ ಬ್ಯಾಂಕುಗಳಿಂದ ತಿಳಿವಳಿಕೆ ಬಂತು. ನಮಗೆ ಸಿಗುವ ಲಾಭವೇ ತೆಳುವಾದದ್ದು, ಅದರಲ್ಲಿ ಇದನ್ನು ಹೊರಲಾಗದು ಎಂದು ಅವರು ಕಾರ್ಡು ತೆಗೆದುಕೊಳ್ಳುವುದನ್ನೇ ನಿಲ್ಲಿಸುವುದಾಗಿ ಘೋಷಿಸಿದರು. ಸರ್ಕಾರ ನಡುವೆ ಬಂತು. ಬ್ಯಾಂಕುಗಳು ಹಿಂದೆ ಸರಿದವು. ಸಂಘಟಿತರಾಗಿ ಲೆಕ್ಕ ಮುಂದಿಟ್ಟವರ ಮಾತಿಗೆ ಬೆಲೆ ಬಂದುದಕ್ಕೆ ಇದು ಉದಾಹರಣೆ. ಒಂಟಿ ಹಣ್ಣಿನಂಗಡಿಯವನು ಅದೇ ಮಾತನ್ನು ಹೇಳಿದ್ದರೆ ಯಾರು ಕೇಳುತ್ತಿದ್ದರು?

ಮುಂದೆ 2018ರ ಜನವರಿ 1ರಿಂದ ರಿಸರ್ವ್ ಬ್ಯಾಂಕು ಡೆಬಿಟ್ ಕಾರ್ಡಿನ ಮಿತಿಯನ್ನು ಬದಲಿಸಿ, ವ್ಯವಹಾರದ ಗಾತ್ರಕ್ಕೆ ಬದಲಾಗಿ ಅಂಗಡಿಯ ಗಾತ್ರವನ್ನು ಅಳತೆಗೋಲಾಗಿ ಮಾಡಿತು. 2020ರ ಜನವರಿ 1ರಿಂದ ಕೇಂದ್ರ ಸರ್ಕಾರ ರುಪೇ ಡೆಬಿಟ್ ಕಾರ್ಡು ಮತ್ತು ಯುಪಿಐ ಪಾವತಿಗೆ ವರ್ತಕರ ಶುಲ್ಕವನ್ನು ಪೂರ್ತಿಯಾಗಿ ತೆಗೆದುಹಾಕಿತು. ಆ ದಿನದಿಂದೀಚೆಗೆ ಯಾರಾದರೂ ಹಿಡಿದಿದ್ದರೆ ಅದನ್ನು ಹಿಂದಿರುಗಿಸಬೇಕೆಂದು ಅದೇ ವರ್ಷದ ಆಗಸ್ಟ್ 30ರಂದು ಕೇಂದ್ರ ನೇರ ತೆರಿಗೆ ಮಂಡಳಿ ಬ್ಯಾಂಕುಗಳಿಗೆ ಸುತ್ತೋಲೆ ಹೊರಡಿಸಿತು.

ಯಾವ ಪಾವತಿಗೆ ಎಷ್ಟು?

ವಾಚನಾಲಯದ ಗೋಡೆಯ ಮೇಲೆ ಬರೆದು ಅಂಟಿಸಬಹುದಾದ ಪಟ್ಟಿ ಇದು.

ರುಪೇ ಡೆಬಿಟ್ ಕಾರ್ಡು: ಅಂಗಡಿಯವನಿಗೆ ಶುಲ್ಕ ಇಲ್ಲ.

ಬ್ಯಾಂಕ್ ಖಾತೆಯಿಂದ ಖಾತೆಗೆ ಯುಪಿಐ ಮೂಲಕ ಪಾವತಿ: ಶುಲ್ಕ ಇಲ್ಲ. ಯುಪಿಐಗೆ ಶುಲ್ಕ ಬರುತ್ತದೆಂಬ ಸುದ್ದಿ 2025ರ ಜೂನ್‌ನಲ್ಲಿ ಹಬ್ಬಿದಾಗ, ಅದು ನಿರಾಧಾರವೆಂದು ಕೇಂದ್ರ ಹಣಕಾಸು ಸಚಿವಾಲಯ ಸ್ಪಷ್ಟಪಡಿಸಿತು.

ಇತರ ಜಾಲಗಳ ಡೆಬಿಟ್ ಕಾರ್ಡು, ಹಿಂದಿನ ಹಣಕಾಸು ವರ್ಷದಲ್ಲಿ 20 ಲಕ್ಷ ರೂ.ವರೆಗೆ ವಹಿವಾಟು ಇದ್ದ ಸಣ್ಣ ಅಂಗಡಿಗೆ: ಹೆಚ್ಚೆಂದರೆ ಶೇ. 0.40, ಅಂದರೆ ನೂರಕ್ಕೆ 40 ಪೈಸೆ. ಕ್ಯೂಆರ್ ಮೂಲಕವಾದರೆ ನೂರಕ್ಕೆ 30 ಪೈಸೆ. ಒಂದು ವ್ಯವಹಾರಕ್ಕೆ 200 ರೂ. ಮೀರುವಂತಿಲ್ಲ.

ಅದೇ ಕಾರ್ಡು, 20 ಲಕ್ಷ ರೂ. ಮೀರಿದ ಅಂಗಡಿಗೆ: ಹೆಚ್ಚೆಂದರೆ ನೂರಕ್ಕೆ 90 ಪೈಸೆ. ಕ್ಯೂಆರ್ ಮೂಲಕ 80 ಪೈಸೆ. ಒಂದು ವ್ಯವಹಾರಕ್ಕೆ 1,000 ರೂ. ಮೀರುವಂತಿಲ್ಲ.

ಕ್ರೆಡಿಟ್ ಕಾರ್ಡು: ಇದಕ್ಕೆ ರಿಸರ್ವ್ ಬ್ಯಾಂಕು ಇಂಥದೇ ಮಿತಿ ಹಾಕಿಲ್ಲ. ಅಂಗಡಿಯವನೂ ಬ್ಯಾಂಕೂ ಮಾಡಿಕೊಂಡ ಕರಾರಿನ ದರವೇ ದರ. ಹೆಚ್ಚಿನ ಕಡಿತವಾಗುವುದು ಇಲ್ಲಿಯೇ. ಚೌಕಾಸಿಗೆ ಅವಕಾಶ ಇರುವುದೂ ಇಲ್ಲಿಯೇ.

ಈ ಶುಲ್ಕದ ಮೇಲೆ ಶೇ. 18ರ ಜಿಎಸ್‌ಟಿ ಬೇರೆ ಇದೆ. ಆದರೆ ಒಂದು ಬಾರಿಯ ಕಾರ್ಡು ಪಾವತಿ 2,000 ರೂ. ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಶುಲ್ಕದ ಮೇಲೆ ಆ ತೆರಿಗೆ ಇಲ್ಲ. ತರಕಾರಿ ಅಂಗಡಿಯಲ್ಲಿ ಎರಡು ಸಾವಿರ ದಾಟುವ ಬಿಲ್ಲು ಅಪರೂಪ. ಆದ್ದರಿಂದ ನಿಮ್ಮ ಲೆಕ್ಕದಲ್ಲಿ ತೆರಿಗೆ ಕಂಡುಬಂದರೆ ಯಾವ ಬಿಲ್ಲಿಗೆ ಬಿದ್ದಿದೆ ಎಂದು ನೋಡಿರಿ.

ಒಂದು ಮಳಿಗೆಯ ಲೆಕ್ಕ

ಉದಾಹರಣೆಗೆ, ಹೊಸಕೋಟೆ ಕಡೆಯ ರೈತರೊಬ್ಬರು ಕಮ್ಮನಹಳ್ಳಿಯಲ್ಲಿ ಹಣ್ಣು ತರಕಾರಿ ಮಳಿಗೆ ಇಟ್ಟಿದ್ದಾರೆ ಎಂದುಕೊಳ್ಳೋಣ. ನಗದೂ ಸೇರಿ ವರ್ಷದ ವಹಿವಾಟು 18 ಲಕ್ಷ ರೂ. ಅದರಲ್ಲಿ ತಿಂಗಳಿಗೆ ಒಂದು ಲಕ್ಷ ರೂ. ಯಂತ್ರದ ಮೂಲಕ ಬರುತ್ತದೆ. ಯಂತ್ರ ಕೊಡಲು ಬಂದವರು ‘ಎಲ್ಲ ಕಾರ್ಡಿಗೂ ಒಂದೇ ದರ, ನೂರಕ್ಕೆ ಒಂದೂವರೆ ರೂಪಾಯಿ, ತಲೆನೋವಿಲ್ಲ’ ಎಂದು ಹೇಳಿ ಸಹಿ ಹಾಕಿಸಿಕೊಂಡರು. ತಿಂಗಳಿಗೆ 1,500 ರೂ. ಕಡಿತವಾಯಿತು. ಲಕ್ಷಕ್ಕೆ ಸಾವಿರದ ಐನೂರು ತಾನೇ ಎಂದು ಅವರೂ ಸುಮ್ಮನಾದರು.

ಈಗ ಅದೇ ಒಂದು ಲಕ್ಷವನ್ನು ಬಿಡಿಸಿ ನೋಡೋಣ. ರುಪೇ ಡೆಬಿಟ್ ಕಾರ್ಡಿನಿಂದ ಬಂದದ್ದು 40,000 ರೂ. ಇದಕ್ಕೆ ಶುಲ್ಕ ಸೊನ್ನೆ. ಇತರ ಡೆಬಿಟ್ ಕಾರ್ಡುಗಳಿಂದ 40,000 ರೂ. ನೂರಕ್ಕೆ 40 ಪೈಸೆಯಂತೆ 160 ರೂ. ಕ್ರೆಡಿಟ್ ಕಾರ್ಡಿನಿಂದ 20,000 ರೂ. ನೂರಕ್ಕೆ 2 ರೂ. ಎಂದು ಹಿಡಿದರೂ 400 ರೂ. ಒಟ್ಟು 560 ರೂ. ಒಂದೇ ದರದ ಲೆಕ್ಕಕ್ಕೂ ಬಿಡಿಸಿದ ಲೆಕ್ಕಕ್ಕೂ ತಿಂಗಳಿಗೆ 940 ರೂ. ಅಂತರ. ವರ್ಷಕ್ಕೆ 11,280 ರೂ.! ಹನಿ ಹನಿ ಗೂಡಿದರೆ ಹಳ್ಳ ಎಂಬ ಗಾದೆ ಉಳಿತಾಯಕ್ಕೆ ಮಾತ್ರವಲ್ಲ, ಸೋರಿಕೆಗೂ ಸಲ್ಲುತ್ತದೆ.

‘ತಲೆನೋವಿಲ್ಲ’ ಎಂಬ ಮಾತಿಗೆ ತೆತ್ತ ಬೆಲೆ ಇದು. ಸಣ್ಣ ಅಂಗಡಿಗೆ ಕಾಯಿದೆ ಕೊಟ್ಟ ರಿಯಾಯಿತಿ ಅಂಗಡಿಯವನ ಗಲ್ಲಾಪೆಟ್ಟಿಗೆ ಸೇರದೆ ನಡುವೆಯೇ ನಿಂತುಹೋಯಿತು. ಮಂಡಿಯ ಬಿಳಿ ಚೀಟಿಯಲ್ಲಿ ಆಗುವುದೂ ಇದೇ ಅಲ್ಲವೇ?

ಬಾಡಿಗೆಯ ಮೇಲೂ ಕಣ್ಣಿರಲಿ

ಶುಲ್ಕ ಸೊನ್ನೆ ಎಂದ ಮಾತ್ರಕ್ಕೆ ಖರ್ಚು ಸೊನ್ನೆ ಎಂದಲ್ಲ. ಕಾರ್ಡಿನ ಯಂತ್ರಕ್ಕೆ ತಿಂಗಳ ಬಾಡಿಗೆ ಇರಬಹುದು. ‘ಇಷ್ಟು ರೂಪಾಯಿ ಬಂದಿದೆ’ ಎಂದು ಕೂಗಿ ಹೇಳುವ ಪೆಟ್ಟಿಗೆಗೂ ಬಾಡಿಗೆ ಇರಬಹುದು. ಕೆಲವು ಕರಾರುಗಳಲ್ಲಿ, ತಿಂಗಳಿಗೆ ಇಂತಿಷ್ಟು ವ್ಯವಹಾರ ಆಗದಿದ್ದರೆ ಹೆಚ್ಚಿನ ಹಣ ಕೊಡಬೇಕು ಎಂಬ ಷರತ್ತೂ ಇರುತ್ತದೆ. ಮೇಲೆ ಹೇಳಿದ ಶೇಕಡಾವಾರು ಮಿತಿಗಳು ಈ ಬಾಡಿಗೆಗೆ ಅನ್ವಯಿಸುವುದಿಲ್ಲ. ಮಾವಿನ ಕಾಲದಲ್ಲಿ ಮಾತ್ರ ಮಳಿಗೆ ತೆರೆಯುವ ರೈತರಿಗೆ ಇದು ಮುಖ್ಯವಾದ ವಿಷಯ. ಮೂರು ತಿಂಗಳು ವ್ಯಾಪಾರ ಮಾಡಿ ಹನ್ನೆರಡು ತಿಂಗಳು ಬಾಡಿಗೆ ಕಟ್ಟುವುದು ಯಾವ ಲೆಕ್ಕ? ಅಂಥವರಿಗೆ ಗೋಡೆಗೆ ಅಂಟಿಸುವ ಕ್ಯೂಆರ್ ಫಲಕವೊಂದೇ ಸಾಕಾಗಬಹುದು.

ಬ್ಯಾಂಕುಗಳ ವಾದವನ್ನೂ ಕೇಳಬೇಕು. ಯುಪಿಐ ನಡೆಸಲು ತಮಗೆ ಖರ್ಚು ಬರುತ್ತದೆ, ಸೊನ್ನೆ ಶುಲ್ಕದಲ್ಲಿ ಅದನ್ನು ತುಂಬಿಕೊಳ್ಳುವುದು ಹೇಗೆ ಎಂದು ಅವು ಕೇಳುತ್ತವೆ. ಈ ಕಾರಣದಿಂದಲೇ ಕೇಂದ್ರ ಸಚಿವ ಸಂಪುಟ 2025ರ ಮಾರ್ಚ್ 19ರಂದು, 2024-25ನೇ ಸಾಲಿಗೆ 1,500 ಕೋಟಿ ರೂ.ಗಳ ಪ್ರೋತ್ಸಾಹ ಯೋಜನೆಯನ್ನು ಒಪ್ಪಿತು. ಸಣ್ಣ ವರ್ತಕರಿಗೆ ಬರುವ 2,000 ರೂ.ವರೆಗಿನ ಯುಪಿಐ ಪಾವತಿಗೆ ಶೇ. 0.15ರಷ್ಟನ್ನು ಬ್ಯಾಂಕುಗಳಿಗೆ ಸರ್ಕಾರವೇ ಕೊಡುವ ಯೋಜನೆ ಇದು. ಅಂದರೆ ಪುಕ್ಕಟೆ ಎಂದು ಕಾಣುವುದರ ಹಿಂದೆಯೂ ತೆರಿಗೆ ಕಟ್ಟುವವರ ಹಣವಿದೆ. ಹೀಗಿರುವಾಗ ಸಣ್ಣ ವರ್ತಕನಿಂದ ಮತ್ತೆ ಗುಟ್ಟಾಗಿ ಹಿಡಿಯುವುದಕ್ಕೆ ಸಮರ್ಥನೆ ಇಲ್ಲ.

ಹೊರದೇಶದ ಪಾಠ

ಈ ಜಗಳ ನಮ್ಮಲ್ಲಿ ಮಾತ್ರ ಇಲ್ಲ. ಯೂರೋಪಿನ ಒಕ್ಕೂಟ 2015ರಲ್ಲಿ ಕಾಯಿದೆ ಮಾಡಿ, ಕಾರ್ಡು ಕೊಟ್ಟ ಬ್ಯಾಂಕಿಗೆ ಹೋಗುವ ಪಾಲನ್ನು ಡೆಬಿಟ್ ಕಾರ್ಡಿಗೆ ಶೇ. 0.2, ಕ್ರೆಡಿಟ್ ಕಾರ್ಡಿಗೆ ಶೇ. 0.3ಕ್ಕೆ ಮಿತಿಗೊಳಿಸಿತು. ಅದಕ್ಕಿಂತ ಮುಖ್ಯವಾಗಿ, ಯಾವ ಬಗೆಯ ಕಾರ್ಡಿಗೆ ಎಷ್ಟು ಶುಲ್ಕ ಎಂಬುದನ್ನು ವರ್ತಕನಿಗೆ ಬಿಡಿಸಿ ತೋರಿಸಬೇಕೆಂದು ವಿಧಿಸಿತು.

ಅಮೆರಿಕದ ಅನುಭವ ಎಚ್ಚರಿಕೆಯ ಮಾತಿನಂತಿದೆ. ಅಲ್ಲಿ 2010ರ ಕಾಯಿದೆಯಂತೆ, ದೊಡ್ಡ ಬ್ಯಾಂಕುಗಳ ಡೆಬಿಟ್ ಕಾರ್ಡಿನ ಶುಲ್ಕಕ್ಕೆ 2011ರ ಅಕ್ಟೋಬರ್‌ನಿಂದ ಮಿತಿ ಬಂತು. ದೊಡ್ಡ ಅಂಗಡಿಗಳಿಗೆ ಲಾಭವಾಯಿತು. ಆದರೆ ಸಣ್ಣ ಸಣ್ಣ ಬಿಲ್ಲು ಮಾಡುವ ಕೆಲವು ವ್ಯಾಪಾರಿಗಳಿಗೆ ಹಿಂದೆ ಇದ್ದ ಕಡಿಮೆ ದರ ಏರಿ ಮಿತಿಯ ಮಟ್ಟಕ್ಕೇ ಬಂದು ನಿಂತಿತು. ಮಿತಿ ಎಂಬುದು ಮೇಲಿನ ಗೆರೆ. ಅದೇ ನಿಗದಿತ ದರವಲ್ಲ. ನಮ್ಮಲ್ಲಿಯೂ 40 ಪೈಸೆ ಎಂಬುದು ಗರಿಷ್ಠ. ಅದಕ್ಕಿಂತ ಕಡಿಮೆಗೆ ಕೊಡುವ ಬ್ಯಾಂಕು ಇದ್ದರೆ ಕೇಳುವುದರಲ್ಲಿ ತಪ್ಪಿಲ್ಲ.

ಕೊಳ್ಳುವವರು ಗಮನಿಸಬೇಕಾದದ್ದು

30,000 ರೂ.ಗಳ ಪಂಪ್‌ಸೆಟ್ಟಿಗೆ ‘ಕಾರ್ಡಿಗೆ ಶೇ. 2 ಜಾಸ್ತಿ’ ಎಂದರೆ 600 ರೂ. ಹೆಚ್ಚುವರಿ. ಡೆಬಿಟ್ ಕಾರ್ಡಿನ ಶುಲ್ಕವನ್ನು ಗಿರಾಕಿಯ ಮೇಲೆ ಹೊರಿಸುವಂತಿಲ್ಲ. ಅಂಗಡಿಯವರು ಹಾಗೆ ಮಾಡದಂತೆ ನೋಡಿಕೊಳ್ಳುವುದು ಯಂತ್ರ ಕೊಟ್ಟ ಬ್ಯಾಂಕಿನ ಹೊಣೆ ಎಂದು ರಿಸರ್ವ್ ಬ್ಯಾಂಕಿನ ಸೂಚನೆ ಇದೆ. ಮೇಲಾಗಿ, ಆ 30,000ಕ್ಕೆ ಸಣ್ಣ ಅಂಗಡಿಯವನಿಗೆ ಬೀಳುವ ಡೆಬಿಟ್ ಶುಲ್ಕ ಹೆಚ್ಚೆಂದರೆ 120 ರೂ., ದೊಡ್ಡ ಅಂಗಡಿಯವನಿಗೆ 270 ರೂ. ತೆರಿಗೆ ಸೇರಿಸಿದರೂ 600 ಆಗುವುದಿಲ್ಲ. ರುಪೇ ಡೆಬಿಟ್ ಕಾರ್ಡಾದರೆ ಅವನಿಗೆ ಶುಲ್ಕವೇ ಇಲ್ಲ.

ಕಿಸಾನ್ ಕ್ರೆಡಿಟ್ ಕಾರ್ಡು ಇರುವವರು ಒಂದು ವಿಷಯ ನೋಡಿಕೊಳ್ಳಿರಿ. ಯೋಜನೆಯ ಹೆಸರಿನಲ್ಲಿ ‘ಕ್ರೆಡಿಟ್’ ಎಂದಿದ್ದರೂ ಬ್ಯಾಂಕು ಕೊಟ್ಟ ಕಾರ್ಡಿನ ಮೇಲೆ ರುಪೇ ಗುರುತೂ ‘ಡೆಬಿಟ್’ ಎಂಬ ಬರಹವೂ ಇರಬಹುದು. ಹಾಗಿದ್ದರೆ ಅಂಗಡಿಯವನಿಗೆ ಅದನ್ನು ತೋರಿಸಿರಿ.

ಇನ್ನು ಗೊಬ್ಬರದಂಗಡಿಯಲ್ಲಿ ಹೆಬ್ಬೆಟ್ಟು ಒತ್ತುವ ಯಂತ್ರಕ್ಕೂ ಕಾರ್ಡು ಉಜ್ಜುವ ಯಂತ್ರಕ್ಕೂ ವ್ಯತ್ಯಾಸವಿದೆ. ಹೆಬ್ಬೆಟ್ಟಿನ ಯಂತ್ರ ಸಬ್ಸಿಡಿ ಗೊಬ್ಬರ ಯಾರಿಗೆ ಹೋಯಿತೆಂದು ದಾಖಲು ಮಾಡಲು ಇರುವುದು. ಅದರ ಹೆಸರಿನಲ್ಲಿ ‘ಮಿಷನ್ ಚಾರ್ಜು’ ಕೇಳಿದರೆ ಕೊಡಬೇಕಾಗಿಲ್ಲ.

ಭಯದಿಂದ ಫಲಕ ತೆಗೆಯಬೇಡಿರಿ

2025ರ ಜುಲೈನಲ್ಲಿ ಬೆಂಗಳೂರಿನ ಅನೇಕ ಬೇಕರಿ, ಕಾಂಡಿಮೆಂಟ್ಸ್, ತರಕಾರಿ ಅಂಗಡಿಗಳಲ್ಲಿ ಕ್ಯೂಆರ್ ಫಲಕ ಇಳಿದು ‘ನಗದು ಮಾತ್ರ’ ಎಂಬ ಬರಹ ಬಂತು. ಇದಕ್ಕೆ ಕಾರಣ ಶುಲ್ಕವಲ್ಲ. ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ನೋಡಿ, ಜಿಎಸ್‌ಟಿ ನೋಂದಣಿಯ ಮಿತಿ ದಾಟಿದವರಿಗೆ ನೋಟೀಸು ಕೊಟ್ಟಿತ್ತು. ಅದೇ ತಿಂಗಳ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ವರ್ತಕರ ಸಭೆ ಕರೆದು, ಹಳೆಯ ಬಾಕಿ ವಸೂಲಿ ಮಾಡುವುದಿಲ್ಲ, ಆದರೆ ನೋಂದಣಿ ಆಗಲೇಬೇಕು ಎಂದು ತಿಳಿಸಿದರು. ಸರಕು ಮಾರುವವರಿಗೆ ಈ ಮಿತಿ ವರ್ಷಕ್ಕೆ 40 ಲಕ್ಷ ರೂ. ತಾಜಾ ತರಕಾರಿ, ಹಣ್ಣಿಗೆ ಜಿಎಸ್‌ಟಿ ಇಲ್ಲ. ತನ್ನ ಹೊಲದಲ್ಲಿ ತಾನೇ ಬೆಳೆದದ್ದನ್ನು ಮಾರುವ ರೈತನಿಗೆ ಅಷ್ಟರ ಮಟ್ಟಿಗೆ ನೋಂದಣಿಯೂ ಬೇಕಾಗಿಲ್ಲ. ಆದರೆ ಬೆಳೆದದ್ದರ ಜೊತೆಗೆ ಕೊಂಡು ಮಾರುವ ಬೇರೆ ಸರಕೂ ಇದ್ದರೆ, ಎರಡರ ಲೆಕ್ಕವನ್ನೂ ಬೇರೆ ಬೇರೆ ಪುಸ್ತಕದಲ್ಲಿ ಬರೆದಿಡಿರಿ. ಲೆಕ್ಕ ಇದ್ದವನಿಗೆ ನೋಟೀಸಿನ ಭಯವಿಲ್ಲ.

ಏನು ಮಾಡಬೇಕು?

1. ಯಂತ್ರ ಪಡೆಯುವ ಮೊದಲು ನಾಲ್ಕು ದರಗಳನ್ನು ಬೇರೆ ಬೇರೆ ಬರೆಸಿಕೊಳ್ಳಿರಿ: ರುಪೇ ಡೆಬಿಟ್, ಇತರ ಡೆಬಿಟ್, ಕ್ರೆಡಿಟ್, ಯುಪಿಐ. ಬಾಯಿಮಾತಿನ ದರ ದರವಲ್ಲ.

2. ಬಾಡಿಗೆ, ಠೇವಣಿ, ಕನಿಷ್ಠ ವ್ಯವಹಾರದ ಷರತ್ತು, ಯಂತ್ರ ಹಿಂದಿರುಗಿಸುವ ಕ್ರಮ ಇವುಗಳನ್ನು ಕೇಳಿ ತಿಳಿಯಿರಿ. ಕರಾರಿನ ಪ್ರತಿ ನಿಮ್ಮ ಹತ್ತಿರ ಇರಲಿ. ಇಂಗ್ಲಿಷ್ ಬಾರದಿದ್ದರೆ ಓದು ಬಲ್ಲ ಮಗನಿಂದಲೋ ಮಗಳಿಂದಲೋ ಓದಿಸಿ ಆಮೇಲೆ ಸಹಿ ಹಾಕಿರಿ.

3. ನಿಮ್ಮ ವಹಿವಾಟು 20 ಲಕ್ಷ ರೂ. ಒಳಗಿದ್ದರೆ ನಿಮ್ಮನ್ನು ಸಣ್ಣ ವರ್ತಕರ ಪಟ್ಟಿಯಲ್ಲಿ ಸೇರಿಸಿದ್ದಾರೆಯೇ ಎಂದು ಬ್ಯಾಂಕಿನಲ್ಲಿ ಲಿಖಿತವಾಗಿ ಕೇಳಿರಿ.

4. ತಿಂಗಳಿಗೊಮ್ಮೆ ಯಂತ್ರದ ಲೆಕ್ಕಪಟ್ಟಿಯನ್ನೂ ಪಾಸ್‌ಬುಕ್ಕನ್ನೂ ಪಕ್ಕದಲ್ಲಿಟ್ಟು ಹೋಲಿಸಿರಿ. ರುಪೇ ಡೆಬಿಟ್ ಸಾಲಿನಲ್ಲಿ ಒಂದು ರೂಪಾಯಿ ಕಡಿತ ಕಂಡರೂ ಕಾರಣ ಕೇಳಿರಿ.

5. ತಪ್ಪು ಕಡಿತವಾಗಿದ್ದರೆ ಮೊದಲು ಬ್ಯಾಂಕಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಮೂವತ್ತು ದಿನಗಳಲ್ಲಿ ಉತ್ತರ ಬಾರದಿದ್ದರೆ, ಇಲ್ಲವೆ ಉತ್ತರ ಸಮಾಧಾನ ತರದಿದ್ದರೆ, ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ನರಿಗೆ ದೂರು ಸಲ್ಲಿಸಬಹುದು. ಇದಕ್ಕೆ ವಕೀಲರು ಬೇಕಾಗಿಲ್ಲ, ಶುಲ್ಕವೂ ಇಲ್ಲ. ದೂರು ಸಲ್ಲಿಸುವ ಕ್ರಮವನ್ನು ತಿಳಿಯಲು ರಿಸರ್ವ್ ಬ್ಯಾಂಕಿನ ಸಹಾಯವಾಣಿ 14448.

6. ಒಂಟಿಯಾಗಿ ಚೌಕಾಸಿ ಮಾಡುವುದಕ್ಕಿಂತ ಸಂಘದ ಮೂಲಕ ಮಾಡುವುದು ಮೇಲು. ರೈತ ಉತ್ಪಾದಕ ಸಂಸ್ಥೆಯ ಹತ್ತು ಮಳಿಗೆಗಳು ಸೇರಿ ಒಂದು ಬ್ಯಾಂಕಿನೊಡನೆ ಮಾತನಾಡಿದರೆ ಕ್ರೆಡಿಟ್ ಕಾರ್ಡಿನ ದರವೂ ಬಾಡಿಗೆಯೂ ಇಳಿಯುವ ಸಂಭವ ಹೆಚ್ಚು. ಪೆಟ್ರೋಲ್ ಬಂಕಿನವರ ಉದಾಹರಣೆ ಕಣ್ಣ ಮುಂದಿದೆ.

ರೈತನಿಗೆ ತಕ್ಕಡಿಯ ಮುಳ್ಳನ್ನು ನೋಡುವ ಅಭ್ಯಾಸ ಹುಟ್ಟಿನಿಂದಲೇ ಬಂದಿದೆ. ತೂಕದಲ್ಲಿ ಅರ್ಧ ಕಿಲೋ ವ್ಯತ್ಯಾಸವಾದರೂ ಅವನ ಕಣ್ಣಿಗೆ ಬೀಳುತ್ತದೆ. ಕಾರ್ಡಿನ ಯಂತ್ರಕ್ಕೆ ಮುಳ್ಳಿಲ್ಲ. ಅದರ ಮುಳ್ಳು ಇರುವುದು ತಿಂಗಳ ಲೆಕ್ಕಪಟ್ಟಿಯಲ್ಲಿ. ನಿಮ್ಮ ವಾಚನಾಲಯದಲ್ಲಿ ಮಳಿಗೆ ನಡೆಸುವವರು ಯಾರಾದರೂ ಇದ್ದರೆ ಈ ತಿಂಗಳ ಪಟ್ಟಿಯನ್ನು ತರಲು ಹೇಳಿರಿ. ಮೇಲಿನ ದರಗಳನ್ನು ಪಕ್ಕದಲ್ಲಿಟ್ಟು ಎಲ್ಲರೂ ಕೂಡಿ ಒಮ್ಮೆ ಲೆಕ್ಕ ಹಾಕಿರಿ. ಒಂದು ಸಂಜೆಯ ಕೆಲಸ. ವರ್ಷಕ್ಕೆ ಹನ್ನೊಂದು ಸಾವಿರ ಉಳಿದರೆ ಒಂದು ಬೆಳೆಯ ಬೀಜದ ಖರ್ಚಿಗಾದರೂ ಆದೀತು.